ಪಟ್ಟದ ರಾಣಿ ಮಂಚದ ಕೆಳಗೆ (ಹಬ್ಬದ ಹಿಂದಿನ ಕಥೆ, ಭಾಗ 4)

ದಸರಾ ಅಂದ ಕೂಡಲೇ ನಮ್ಮ ತಲೇಲಿ ಬರೋದು ಆನೆ, ಅಂಬಾರಿ, ಜಂಬೂಸವಾರಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ರು ಅಂತ ಸ್ಕೂಲಲ್ಲಿ ಉರು ಹೊಡೆದಿದ್ದೀವಿ. ಆದರೆ ಅದೇ ಒಂಬತ್ತು ದಿನ ಹಳೇ ಮೈಸೂರು ಕಡೆಯ ಮನೆಗಳೊಳಗೆ ಇನ್ನೊಂದು ದಸರಾ ನಡೆಯುತ್ತೆ. ಗೊಂಬೆ ಕೂರಿಸೋದು!

ಅರಮನೆಯಲ್ಲೂ ಇದಕ್ಕೊಂದು ಜಾಗ ಇದೆ, ಗೊಂಬೆ ತೊಟ್ಟಿ. ದರ್ಬಾರ್ ಹಾಲ್ ನೋಡೋ ಅವಸರದಲ್ಲಿ ನೀವು ದಾಟಿ ಹೋಗಿರ್ತೀರಿ. ಮುಂದಿನ ಸಲ ಎರಡು ನಿಮಿಷ ನಿಲ್ಲಿ.

ಮನೇಲಿ 3, 5, 7, 9 ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು. ತುದೀಲಿ ಪಟ್ಟದ ಗೊಂಬೆ, ಅಂದ್ರೆ ಮರದ ರಾಜ-ರಾಣಿ. ರಕ್ತಚಂದನದ್ದಾದ್ರೆ ಶ್ರೇಷ್ಠ. ಕೆಳಗೆ ದಶಾವತಾರ, ಮದುವೆ ಮೆರವಣಿಗೆ, ಅಕ್ಕಿ ಬೇಳೆ ಮುಂದಿಟ್ಟುಕೊಂಡು ಕೂತ ಶೆಟ್ಟಿ ದಂಪತಿ. ಪಕ್ಕದಲ್ಲಿ ರಾಗಿ ಪೈರಿನ ಪಾರ್ಕು. ಸಂಜೆ ಆರತಿ ಆದಮೇಲೆ ಬಂದ ಮಕ್ಕಳ ಕೈಗೆ ಗೊಂಬೆ ಬಾಗಿನ, ಅಂದ್ರೆ ತಿಂಡಿ. ನಾವು ಚಿಕ್ಕವರಿದ್ದಾಗ ಬೀದಿಯ ಎಲ್ಲ ಮನೆ ಸುತ್ತಿ, ಯಾರ ಮನೇಲಿ ಚಕ್ಕುಲಿ, ಯಾರ ಮನೇಲಿ ಕೊಬ್ಬರಿ ಮಿಠಾಯಿ ಅಂತ ಲೆಕ್ಕ ಇಡ್ತಿದ್ವಿ.

ಈ ವರ್ಷ ಇದನ್ನೆಲ್ಲ ಅಕ್ಕನ ಮಗಳಿಗೆ ತೋರಿಸೋ ಆಸೆ. ಎರಡೂವರೆ ವರ್ಷದ ಕಿಲಾಡಿ. ಮೊದಲ ದಿನವೇ ರಾಗಿ ಪೈರು ಕಿತ್ತು ಆನೆಗೆ ತಿನ್ನಿಸಿದಳು. ಶೆಟ್ಟರ ಅಂಗಡಿಯ ಕಡಲೆಬೇಳೆ ಮೂಗಿನೊಳಗೆ ಹೋಗೋದು ಸ್ವಲ್ಪದರಲ್ಲಿ ತಪ್ಪಿತು. ಎರಡನೇ ದಿನ ಸ್ಟೂಲ್ ಎಳ್ಕೊಂಡು ಬಂದು ಪಟ್ಟದ ರಾಣಿಯನ್ನೇ ಎತ್ತಿಕೊಂಡು ಪರಾರಿ. (ಮೂರನೇ ಫೋಟೋ: ಮಂಚದ ಕೆಳಗೆ ರಾಣಿಗೆ ಜೋಗುಳ.)

"ಮುತ್ತಜ್ಜಿ ಕಾಲದ್ದು, ಮುರಿದ್ರೆ ಮತ್ತೆ ಸಿಗಲ್ಲ, ಈ ಸಲ ಬೀರುವಲ್ಲೇ ಇರಲಿ" ಅಂತ ಅಮ್ಮ. ಅಜ್ಜಿ ಮಾತ್ರ, "ಆಡ್ಲಿ ಬಿಡೇ. ನಮ್ಮಮ್ಮನೂ ಅದರ ಜೊತೆ ಆಡ್ಕೊಂಡೇ ಗಂಡನ ಮನೆಗೆ ಹೋದದ್ದು" ಅಂದ್ರು.

ಆ ಮಾತು ಸುಮ್ಮನೆ ಅಂದದ್ದಲ್ಲ. ಪಟ್ಟದ ಗೊಂಬೆ ಮದುವೇಲಿ ತವರಿನವರು ಮಗಳಿಗೆ ಕೊಡೋದು. ಆ ಕಾಲದ ಮದುಮಗಳು ಎಷ್ಟು ದೊಡ್ಡವಳು? ಮೈಸೂರು ಸಂಸ್ಥಾನ 1894ರಲ್ಲಿ ಕಾನೂನು ತಂದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತು. ಎಂಟು! ಒಂಬತ್ತಕ್ಕೆ ಮಾಡಿದ್ರೆ ಆ ಕಾನೂನು ಅಡ್ಡ ಬರ್ತಿರಲಿಲ್ಲ. ನಮ್ಮ ಮುತ್ತಜ್ಜಿಗೆ ಮದುವೆಯಾದಾಗ ಹನ್ನೊಂದು. ಸೀರೆ, ಪಾತ್ರೆ ಜೊತೆ ಪೆಟ್ಟಿಗೇಲಿ ಈ ಜೋಡಿ. ಅವರಿಗೆ ಅದು ಪೂಜೆಯ ವಸ್ತುವೋ, ಆಟದ ಸಾಮಾನೋ? ರಾಣಿಯ ಮೂಗು ಸವೆದಿದೆ. ಬರೀ ಪೂಜೆ ಮಾಡಿದ್ರೆ ಮೂಗು ಸವೆಯಲ್ಲ ಅನ್ನೋದು ನನ್ನ ವಾದ. ಅಮ್ಮ ಇನ್ನೂ ಒಪ್ಪಿಲ್ಲ.

ಸದ್ಯಕ್ಕೆ ರಾಜಿ ಆಗಿದೆ. ಮಣ್ಣಿನ ಗೊಂಬೆಗಳು ಮೇಲೆ. ಕೆಳಗಿನ ಎರಡು ಮೆಟ್ಟಿಲು ಪೂರ್ತಿ ಅವಳದ್ದು, ಅಲ್ಲಿ ಚನ್ನಪಟ್ಟಣದ ಗೊಂಬೆ ಮಾತ್ರ. ತಿರುಗೋ ಹಾಲೆ ಮರದ ತುಂಡಿಗೆ ಬಣ್ಣದ ಅರಗು ಒತ್ತಿದ್ರೆ, ಉಜ್ಜುವ ಬಿಸಿಗೇ ಕರಗಿ ಅಂಟಿಕೊಳ್ಳುತ್ತೆ. ಎಲ್ಲ ನುಣ್ಣಗೆ, ದುಂಡಗೆ. ಬಿದ್ರೂ ಮಣ್ಣಿನದರ ಹಾಗೆ ಚೂರಾಗಲ್ಲ. ರಾಣಿಗೆ ಆರತಿಗೆ ಮುಂಚೆ ಹತ್ತು ನಿಮಿಷ ರಜೆ, ಅಜ್ಜಿ ಮಡಿಲಲ್ಲಿ ಕೂತು ಆಡೋದಾದ್ರೆ.

ನಿಮ್ಮ ಮನೇಲಿ ಪಟ್ಟದ ಗೊಂಬೆ ಇದ್ರೆ ಯಾರ ಮದುವೇದು ಅಂತ ಕೇಳಿ. ಆಗ ಅವರಿಗೆ ಎಷ್ಟು ವಯಸ್ಸು ಅಂತಾನೂ ಕೇಳಿ, ಬರೆದು ಕಳಿಸಿ.

#ಗೊಂಬೆಹಬ್ಬ #ಪಟ್ಟದಗೊಂಬೆ #ಹಬ್ಬದಹಿಂದಿನಕಥೆ