ಯಂತ್ರದ ಧ್ವನಿಯೂ ಕೇಳುಗರ ಅನುಭವವೂ

ಇಂದಿನ ಗದಗ ಜಿಲ್ಲೆಗೆ ಸೇರಿದ ರೋಣವು ಪಂಡಿತ ಭೀಮಸೇನ ಜೋಶಿಯವರ ಜನ್ಮಸ್ಥಳವೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಶಿಕ್ಷಕರಾದ ಗುರುರಾಜ ಜೋಶಿಯವರ ಈ ಮಗನು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯೊಂದನ್ನು ಗ್ರಾಮೋಫೋನಿನ ಪ್ಲೇಟಿನಿಂದ ಕೇಳಿದನು. ಅಂತಹ ಪ್ಲೇಟಿನ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ಆ ಅಲ್ಪಕಾಲದ ಧ್ವನಿಯು ಬಾಲಕನ ಚಿತ್ತವನ್ನು ಹಿಡಿದುದರಿಂದ, 1933ರಲ್ಲಿ, ಹನ್ನೊಂದರ ಎಳೆವಯಸ್ಸಿನಲ್ಲಿ, ಅವನು ಗುರುವನ್ನರಸಿ ಮನೆಬಿಟ್ಟು ಹೊರಟನು. ಯಂತ್ರದ ಧ್ವನಿಯು ಕೇಳುಗನ ಮೇಲೆ ಮಾಡುವ ಪರಿಣಾಮವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಗೆ ಈಗ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವುಂಟು.

ಮೊದಲಿನ ಪ್ರಯತ್ನವು ಅಮೇರಿಕೆಯದು. 1915ರಿಂದ ಎಡಿಸನ್ನನ ಕಂಪನಿಯು ಊರೂರುಗಳಲ್ಲಿ ಬಹಿರಂಗ ಪರೀಕ್ಷೆಗಳನ್ನು ಏರ್ಪಡಿಸಿತು. ವೇದಿಕೆಯ ಮೇಲೆ ಗಾಯಕರು ಯಂತ್ರದ ಸಂಗಡ ಹಾಡುತ್ತ ನಡುವೆ ಸುಮ್ಮನಾಗುವರು. ಯಂತ್ರವು ಹಾಡನ್ನು ಮುಂದುವರಿಸುವದು. ಸಭಿಕರು ಭೇದವನ್ನರಿಯದೆ ಹೋದರೆ ಯಂತ್ರಕ್ಕೆ ಜಯ. ಆದರೆ ಆ ಗಾಯಕಿಯರಲ್ಲೊಬ್ಬಳಾದ ಆನಾ ಕೇಸ್ ಎಂಬವಳು, ತಾನು ಯಂತ್ರದ ಧ್ವನಿಗೆ ಹೊಂದುವಂತೆ ತನ್ನ ಕಂಠವನ್ನು ಮಾರ್ಪಡಿಸಿಕೊಂಡೆನೆಂದು ಎಷ್ಟೋ ವರ್ಷಗಳ ತರುವಾಯ ಒಪ್ಪಿಕೊಂಡಳು. ಯಂತ್ರವು ಮನುಷ್ಯನನ್ನು ಹೋಲಿತೆಂದು ಜನರು ತಿಳಿದರು. ಮನುಷ್ಯನೇ ಯಂತ್ರವನ್ನು ಹೋಲಿದ್ದನು! ಅಳತೆಯು ಈ ಗುಟ್ಟನ್ನು ಹೊರಗೆಡಹಲಿಲ್ಲ.

ಬಳಿಕ ರೇಡಿಯೋದ ಕಾಲವು ಬಂದಿತು. ಕನ್ನಡನಾಡಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರೇಷಕಯಂತ್ರದಿಂದ ಪ್ರಸಾರವನ್ನಾರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರೆಂಬುದು ಗಮನಾರ್ಹವು. ಅತ್ತ 1936ರಲ್ಲಿ ಬಿ. ಬಿ. ಸಿ. ಸಂಸ್ಥೆಯು ಕೇಳುಗರ ಸಂಶೋಧನೆಗೆಂದು ಪ್ರತ್ಯೇಕ ವ್ಯವಸ್ಥೆಯನ್ನು ಮಾಡಿತು. ಅದೇ ದಶಕದಲ್ಲಿ ಅಮೇರಿಕೆಯ ಲಾಜರ್ಸ್‌ಫೆಲ್ಡ್ ಮತ್ತು ಸ್ಟಾಂಟನ್ ಎಂಬವರು ಕೇಳುಗರ ಕೈಗೆ ಎರಡು ಗುಂಡಿಗಳನ್ನು ಕೊಟ್ಟರು: ಮೆಚ್ಚಿಕೆಯಾದರೆ ಹಸಿರು, ಬೇಸರವಾದರೆ ಕೆಂಪು. 1950ರ ಜನವರಿ 8ರಂದು ಧಾರವಾಡದ ನಿಲಯವು ಆರಂಭವಾಗಲು, ಈ ಪ್ರಾಂತಕ್ಕೆ ತನ್ನ ನೆರೆಯ ಮಾತೇ ರೇಡಿಯೋದಲ್ಲಿ ಕೇಳಬರುವಂತಾಯಿತು. ಆಗ ಯಂತ್ರವು ಆಡುತ್ತಿತ್ತು, ಜನರು ಕೇಳುತ್ತಿದ್ದರು. ಕೇಳುವವರಾರು, ಮೆಚ್ಚಿದವರೆಷ್ಟು ಎಂಬಿಷ್ಟನ್ನು ತಿಳಿದರೆ ಅಳೆಯುವವರಿಗೆ ಸಾಕಾಗುತ್ತಿತ್ತು.

ಈಗಿನ ಧ್ವನಿಸಹಾಯಕ ಯಂತ್ರಗಳಿಂದ ಈ ಸಂಬಂಧವು ತಿರುಗುಮುರುಗಾಗಿದೆ. ಜನರು ಆಡುವರು, ಯಂತ್ರವು ಕೇಳುವದು. 2011ರಲ್ಲಿ ಸಿರಿ ಎಂಬುದು ಫೋನಿನೊಳಗೆ ಬಂದಿತು. 2017ರಲ್ಲಿ ಅಲೆಕ್ಸಾ ಭಾರತದ ಮನೆಗಳನ್ನು ಹೊಕ್ಕಿತು. ಅದೇ ವರ್ಷ ಗೂಗಲ್ ಕಂಪನಿಯು ಕನ್ನಡದ ಮಾತನ್ನು ಬರಹಕ್ಕಿಳಿಸುವ ಸೌಕರ್ಯವನ್ನು ಒದಗಿಸಿತು. ಇವುಗಳ ಯೋಗ್ಯತೆಯನ್ನು ಸಾಮಾನ್ಯವಾಗಿ ಎರಡು ವಿಧದಿಂದ ಅಳೆಯುವರು. ಆಡಿದ ನೂರು ಶಬ್ದಗಳಿಗೆ ಯಂತ್ರವು ಎಷ್ಟು ತಪ್ಪುಗಳನ್ನು ಮಾಡಿತೆಂದು ಎಣಿಸುವದು ಒಂದು. ಜಾನ್ ಬ್ರೂಕ್ ಎಂಬವರು 1986ರಲ್ಲಿ ರಚಿಸಿದ ಹತ್ತು ಹೇಳಿಕೆಗಳಿಗೆ ಬಳಸುವವರಿಂದ ಸಮ್ಮತಿ ಅಸಮ್ಮತಿಗಳನ್ನು ಪಡೆದು, ಸೊನ್ನೆಯಿಂದ ನೂರರವರೆಗೆ ಗುಣಾಂಕ ಕಟ್ಟುವದು ಇನ್ನೊಂದು.

ಮೊದಲನೆಯ ಅಳತೆಯ ಕೊರತೆಯನ್ನು ರೋಣದ ಮಾತಿನಿಂದಲೇ ಅರಿಯಬಹುದು. ಮುದುಕಿಯೊಬ್ಬಳು ಯಂತ್ರಕ್ಕೆ “ಭೀಮಸೇನರ ಹಾಡು ಹಚ್ಚು” ಎಂದಳೆನ್ನೋಣ. ಯಂತ್ರವು ‘ಹಚ್ಚು’ ಎಂಬುದನ್ನು ‘ಹೆಚ್ಚು’ ಎಂದು ಬರೆದುಕೊಂಡರೂ ಬೇಕಾದ ಹಾಡೇ ಬಂದೀತು. ‘ಭೀಮಸೇನರ’ ಎಂಬುದನ್ನು ‘ಭೀಮಣ್ಣನ’ ಎಂದುಕೊಂಡರೆ ಬೇರೆಯದೇ ಹಾಡು ಬಂದೀತು. ಲೆಕ್ಕದಲ್ಲಿ ಎರಡೂ ಮೂರರಲ್ಲೊಂದು ತಪ್ಪು; ಅನುಭವದಲ್ಲಾದರೋ ಒಂದು ಸಂತೋಷ, ಇನ್ನೊಂದು ನಿರಾಶೆ. ಇದಲ್ಲದೆ, ಕನ್ನಡವು ಪ್ರತ್ಯಯಗಳನ್ನು ಶಬ್ದಕ್ಕೆ ಬೆಸೆಯುವ ಭಾಷೆ. ‘ಮನೆಯಲ್ಲಿದ್ದಾನೆಂದು’ ಎಂಬಲ್ಲಿ ಒಂದಕ್ಷರ ತಪ್ಪಿದರೂ ಇಡಿಯ ಶಬ್ದವೇ ತಪ್ಪೆಂದು ಎಣಿಕೆಯಾಗುವದು. ಬಿಡಿಶಬ್ದಗಳ ಭಾಷೆಗೆ ಒಗ್ಗಿದ ಗೋಲು ನಮ್ಮ ಮಾತಿಗೆ ಹಾಗೆಯೇ ಒಗ್ಗದು.

ಎರಡನೆಯ ಅಳತೆಯೂ ಪೂರ್ಣವಲ್ಲ. ಎರಡು ಸಾರೆ ‘ಹಚ್ಚು’ ಎಂದು ಸೋತು, ಮೂರನೆಯ ಸಾರೆ ‘ಹಾಕು’ ಎಂದು ಗೆದ್ದವಳು ಯಂತ್ರವು ಚೆನ್ನಾಗಿದೆಯೆಂದೇ ಹೇಳಬಹುದು. ಆದರೆ ಹಾಡನ್ನು ಪಡೆಯಲು ಅವಳು ತನ್ನ ನುಡಿಯನ್ನು ಬಿಟ್ಟುಕೊಟ್ಟಳು. ಆನಾ ಕೇಸಳು ವೇದಿಕೆಯ ಮೇಲೆ ಮಾಡಿದುದನ್ನೇ ಇವಳು ಪಡಸಾಲೆಯಲ್ಲಿ ಮಾಡಿದಳು.

ಆದುದರಿಂದ ಯಂತ್ರವು ಎಷ್ಟನ್ನು ತಿಳಿಯಿತೆಂಬುದರೊಡನೆ, ತಿಳಿಯಪಡಿಸಲು ಮನುಷ್ಯನು ತನ್ನನ್ನು ಎಷ್ಟು ಬಗ್ಗಿಸಿಕೊಂಡನೆಂಬುದನ್ನೂ ಅಳೆಯುವದು ಅವಶ್ಯವು. ಒಂದೇ ಕೋರಿಕೆಯನ್ನು ಎಷ್ಟು ಸಾರೆ ಹೇಳಬೇಕಾಯಿತು, ಯಾವ ಶಬ್ದವನ್ನು ಬದಲಿಸಬೇಕಾಯಿತು, ಕೊನೆಗೆ ಯಾರು ಬೇಸತ್ತು ಸುಮ್ಮನಾದರು ಎಂಬಿವುಗಳನ್ನು ಬರೆದಿಡುವದು ಅಸಾಧ್ಯವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲಿನ ಸಹಕಾರದಿಂದ 2022ರಲ್ಲಿ ಆರಂಭಿಸಿದ ‘ವಾಣಿ’ ಯೋಜನೆಯು, ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸಿ ಯಂತ್ರಗಳಿಗೆ ಕಲಿಸುವ ಮಾರ್ಗವನ್ನು ತೋರಿಸಿದೆ. ಎರಡು ಕೈಗಳೂ ಮಗ್ಗದ ಮೇಲಿರುವ ಗಜೇಂದ್ರಗಡದ ನೇಕಾರನಿಗೂ, ಅಕ್ಷರ ಕಾಣದಷ್ಟು ಕಣ್ಣು ಮಂಜಾದ ನರಗುಂದದ ಅಜ್ಜಿಗೂ ಬಾಯಿಮಾತಿಗೆ ಓಗೊಡುವ ಯಂತ್ರವು ನಿಜವಾದ ಉಪಕಾರಿಯಾಗಬಲ್ಲದು. ಆದರೆ ಅದು ಅವರವರ ಮನೆಯ ಮಾತಿಗೇ ಓಗೊಡಬೇಕು. ರೋಣದ ಬಾಲಕನು ಯಂತ್ರದ ಧ್ವನಿಗೆ ಕಿವಿಗೊಟ್ಟು ನಾಡಿಗೆ ಮಹಾಗಾಯಕನಾದನು. ಇನ್ನು ರೋಣದ ಧ್ವನಿಗೆ ಯಂತ್ರವು ಕಿವಿಗೊಡುವ ಸರದಿಯು ಬಂದಿದೆ.