ಪಡುಬಿದ್ರಿಯ ಹತ್ತಿರ ಕಾಣುವ ಆ ಚಿಮಣಿ



ಕಳೆದ ತಿಂಗಳು ಕೋರಿಕೆಯ ಹಾಡು ಕೇಳಲು ಫೋನ್ ಮಾಡಿದ ಡೊಂಬಿವಲಿಯ ಹಿರಿಯರೊಬ್ಬರು, ಹಾಡಿನ ಹೆಸರು ಹೇಳಿದ ಮೇಲೂ ಫೋನ್ ಇಡಲಿಲ್ಲ. "ಅಲ್ಲ ಮಾರಾಯ್ರೇ, ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ ಉಡುಪಿ ದಾಟಿದ ಮೇಲೆ ಒಂದು ದೊಡ್ಡ ಚಿಮಣಿ ಕಾಣ್ತದಲ್ಲ? ನಾನು ಊರು ಬಿಡುವಾಗ ಅದು ಇರ್ಲಿಲ್ಲ. ಅದರ ಕತೆ ಏನು, ಒಮ್ಮೆ ಹೇಳಿ" ಎಂದರು. ಕಾರ್ಯಕ್ರಮದಲ್ಲಿ ಎರಡು ಹಾಡಿನ ನಡುವೆ ಹೇಳಿ ಮುಗಿಸುವ ಕತೆ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕನ್ನಡನಾಡಿಗೆ ವಿದ್ಯುತ್ ಬಂದದ್ದು ನೀರಿನಿಂದ. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಳು. 1960ರ ದಶಕದಲ್ಲಿ ಶರಾವತಿ ಬಂದಳು. ಕಲ್ಲಿದ್ದಲು ನಮ್ಮ ನೆಲದಲ್ಲಿಲ್ಲ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಶಾಖೋತ್ಪನ್ನ ಘಟಕ ಶುರುವಾದಾಗಲೂ ಕಲ್ಲಿದ್ದಲು ಹೊರಗಿನಿಂದಲೇ ಬರಬೇಕಿತ್ತು. ಮಳೆ ಕೈಕೊಟ್ಟ ವರ್ಷ ಜಲಾಶಯ ಬತ್ತುತ್ತಿತ್ತು, ಪವರ್ ಕಟ್ ಶುರುವಾಗುತ್ತಿತ್ತು. ಲಾಟೀನು ಹಚ್ಚಿಕೊಂಡು ಪರೀಕ್ಷೆಗೆ ಓದಿದವರು ನಿಮ್ಮಲ್ಲೂ ಇದ್ದೀರಿ. ಕರೆಂಟು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

1991ರ ನಂತರ ಕೇಂದ್ರ ಸರ್ಕಾರ ವಿದ್ಯುತ್ ಉತ್ಪಾದನೆಗೆ ಖಾಸಗಿಯವರನ್ನು ಕರೆಯಿತು. ಎಂಟು ಯೋಜನೆಗಳನ್ನು ಆರಿಸಿ 'ಫಾಸ್ಟ್ ಟ್ರ್ಯಾಕ್' ಎಂದು ಹೆಸರಿಟ್ಟಿತು. ಮಹಾರಾಷ್ಟ್ರದಲ್ಲಿರುವ ನಮಗೆ ಅದರಲ್ಲಿ ಒಂದು ಚೆನ್ನಾಗಿ ಗೊತ್ತು: ದಾಭೋಳದ ಎನ್ರಾನ್. ಇನ್ನೊಂದು ನಮ್ಮ ಊರಿನದ್ದೇ. ಪಡುಬಿದ್ರಿಗೆ ಹತ್ತಿರದ ನಂದಿಕೂರಿನಲ್ಲಿ 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ. ಅಮೆರಿಕದ ಕೊಜೆಂಟ್ರಿಕ್ಸ್ ಮತ್ತು ಹಾಂಗ್‌ಕಾಂಗಿನ ಚೈನಾ ಲೈಟ್ ಅಂಡ್ ಪವರ್ ಕಂಪೆನಿಗಳ ಜಂಟಿ ಯೋಜನೆ. ಲೆಕ್ಕಾಚಾರ ಸರಳವಾಗಿತ್ತು. ಕಲ್ಲಿದ್ದಲು ಹಡಗಿನಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತದೆ, ಅಲ್ಲಿಂದ ರೈಲಿನಲ್ಲಿ ನಂದಿಕೂರಿಗೆ. ತಂಪು ಮಾಡಲು ಸಮುದ್ರದ ನೀರು ಕೈಗೆಟಕುವ ದೂರದಲ್ಲಿ.

ನಕ್ಷೆಯಲ್ಲಿ ನೋಡಿದವರಿಗೆ ಅದು ಖಾಲಿ ಜಾಗ. ಊರಿನವರಿಗೆ ಅಲ್ಲಿ ಬೈಲುಗದ್ದೆ ಇತ್ತು, ತೆಂಗು-ಕಂಗು ಇತ್ತು, ಮಲ್ಲಿಗೆ ಗಿಡ ಇತ್ತು. ಎಳನೀರಿನ ಅಭಿಷೇಕಕ್ಕೆ ಹೆಸರಾದ ಎಲ್ಲೂರಿನ ವಿಶ್ವೇಶ್ವರ ದೇವಸ್ಥಾನವಿತ್ತು. ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಮೊಗವೀರರ ಕಡಲು, ಪೂರ್ವಕ್ಕೆ ತಲೆಯೆತ್ತಿದರೆ ಘಟ್ಟ. ಬೂದಿ ಎಲ್ಲಿ ಹಾಕುತ್ತೀರಿ, ಬಿಸಿನೀರು ಸಮುದ್ರಕ್ಕೆ ಬಿಟ್ಟರೆ ಮೀನಿನ ಗತಿಯೇನು, ಹೊಗೆ ಘಟ್ಟಕ್ಕೆ ಬಡಿದು ಮಳೆಯ ಜೊತೆ ಯಾರ ಗದ್ದೆಗೆ ಇಳಿಯುತ್ತದೆ ಎಂದು ರೈತರು, ಮೀನುಗಾರರು, ಪರಿಸರದವರು ಕೇಳಿದರು. ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರೂ ವಿರೋಧಕ್ಕೆ ದನಿಗೂಡಿಸಿದರು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಪರಿಸರದ ಪ್ರಶ್ನೆಯ ಜೊತೆಗೆ ಒಪ್ಪಂದದಲ್ಲಿ ಅವ್ಯವಹಾರದ ಆರೋಪವೂ ಸೇರಿ ಕೇಸು ಎಳೆಯಿತು. ಕೊನೆಗೆ 1999ರ ಡಿಸೆಂಬರಿನಲ್ಲಿ, ವಿಳಂಬದ ಕಾರಣ ಕೊಟ್ಟು ಕೊಜೆಂಟ್ರಿಕ್ಸ್ ಗಂಟುಮೂಟೆ ಕಟ್ಟಿತು.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡಿರಾ? ಊರಿನಲ್ಲೂ ಎಷ್ಟೋ ಜನ ಹಾಗೆಯೇ ಅಂದುಕೊಂಡರು. ಆದರೆ ಹೋದದ್ದು ಕಂಪೆನಿ, ಜಾಗವಲ್ಲ. ಒಮ್ಮೆ 'ಇಲ್ಲಿ ಸ್ಥಾವರ ಆಗಬಹುದು' ಎಂದು ಸರ್ಕಾರದ ಕಡತದಲ್ಲಿ ಗುರುತು ಬಿದ್ದರೆ ಆ ಗುರುತು ಸುಲಭಕ್ಕೆ ಅಳಿಯುವುದಿಲ್ಲ. ಅದೇ ಸುತ್ತಿನಲ್ಲಿ ನಾಗಾರ್ಜುನ ಹೆಸರಿನ 1,015 ಮೆಗಾವಾಟ್‌ನ ಇನ್ನೊಂದು ಯೋಜನೆಗೆ 1997ರಲ್ಲೇ ಪರಿಸರ ಅನುಮತಿ ಸಿಕ್ಕಿತ್ತು. ಅದು ವರ್ಷಗಟ್ಟಲೆ ಕಡತದಲ್ಲಿ ಮಲಗಿತ್ತು. ಮುಂದೆ ಹೈದರಾಬಾದಿನ ಲ್ಯಾಂಕೋ ಸಮೂಹ ಅದನ್ನು ಕೈಗೆ ತೆಗೆದುಕೊಂಡಿತು. ಹೆಸರು 'ಉಡುಪಿ ಪವರ್ ಕಾರ್ಪೊರೇಷನ್' ಆಯಿತು, ಗಾತ್ರ 600 ಮೆಗಾವಾಟ್‌ನ ಎರಡು ಘಟಕಗಳಿಗೆ ಏರಿತು. ಧರಣಿ, ಮೆರವಣಿಗೆ, ಬಂಧನ ಎಲ್ಲ ಮತ್ತೆ ನಡೆದವು. 2010ರಲ್ಲಿ ಎಲ್ಲೂರಿನಲ್ಲಿ ಮೊದಲ ಘಟಕ ಉರಿಯಿತು, 2012ರಲ್ಲಿ ಎರಡನೆಯದು. ನಮ್ಮ ಕೇಳುಗರು ರೈಲಿನಿಂದ ಕಂಡ ಚಿಮಣಿ ಇದೇ.

ಈ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ ಹತ್ತು ಸಾವಿರ ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಬೇಕು. ವಿದೇಶದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಅದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಉಗಿಯನ್ನು ಮತ್ತೆ ನೀರು ಮಾಡಲು ತಂಪು ಬೇಕು, ಅದಕ್ಕೆ ಇಲ್ಲಿ ಬಳಸಿದ್ದು ಕಡಲಿನ ಉಪ್ಪುನೀರು. ಕೂಲಿಂಗ್ ಟವರಿನಿಂದ ಉಪ್ಪಿನ ತುಂತುರು ಹಾರಿ ತೆಂಗಿನ ಗರಿ, ಮಲ್ಲಿಗೆ ಮೊಗ್ಗು ಕರಟುತ್ತಿವೆ, ಬಾವಿನೀರು ಉಪ್ಪಾಗುತ್ತಿದೆ, ಬಟ್ಟೆ ಒಣಹಾಕಿದರೆ ಕಪ್ಪು ಹುಡಿ ಕೂರುತ್ತದೆ ಎಂದು ಸುತ್ತಲಿನವರು ದೂರಿದರು. ಕಂಪೆನಿ ನಿಯಮ ಪಾಲಿಸುತ್ತಿದ್ದೇವೆ ಎಂದಿತು. ಪರಿಶೀಲನೆಗೆ ಸಮಿತಿಗಳು ಬಂದವು, ಹೋದವು.

2015ರಲ್ಲಿ ಸ್ಥಾವರ ಅದಾನಿ ಪವರ್‌ನ ಕೈಗೆ ಬಂತು. ಇನ್ನೂ 1,600 ಮೆಗಾವಾಟ್ ಸೇರಿಸಿ ವಿಸ್ತರಿಸುವ ಯೋಜನೆಗೆ 2017ರಲ್ಲಿ ಪರಿಸರ ಅನುಮತಿಯೂ ಸಿಕ್ಕಿತು, ಆದರೆ ಆ ಘಟಕಗಳು ಮೇಲೇಳಲಿಲ್ಲ. ನಂದಿಕೂರಿನ ಜನಜಾಗೃತಿ ಸಮಿತಿ ಮಾತ್ರ ಕೇಸು ಬಿಡಲಿಲ್ಲ. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯಂತರವಾಗಿ 5 ಕೋಟಿ ರೂಪಾಯಿ ಠೇವಣಿ ಇಡುವಂತೆ ಹೇಳಿತು. 2022ರ ಮೇ 31ರಂದು 52 ಕೋಟಿ ರೂಪಾಯಿಗೂ ಮಿಕ್ಕಿ ಪರಿಸರ ಪರಿಹಾರ ಕಟ್ಟಬೇಕೆಂದು ಆದೇಶಿಸಿತು.

ಈಗ ಬೆರಳು ಮಡಚಿ ಲೆಕ್ಕ ಹಾಕಿ. ಅನುಮತಿಯ ಕಾಗದ 1997ರದ್ದು. ಬೆಂಕಿ ಹೊತ್ತಿದ್ದು 2010ರಲ್ಲಿ. ಹಾನಿಗೆ ಇಷ್ಟು ಬೆಲೆ ಎಂದು ಆದೇಶ ಬಂದದ್ದು 2022ರಲ್ಲಿ. ಘಟಕ ಶುರುವಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಅಷ್ಟು ಹೊತ್ತಿಗೆ ಪಿಯುಸಿ ಮುಗಿಸಿತ್ತು. ನ್ಯಾಯ ಬರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ತೆಂಗಿನಮರಕ್ಕೆ ಕೋರ್ಟಿನ ತಾರೀಕು ಗೊತ್ತಿಲ್ಲ.

ಕರೆಂಟು ಬೇಡವೇ ಎಂದು ನೀವು ಕೇಳಬಹುದು. ಬೇಕು. ಈ ಸ್ಥಾವರದ ವಿದ್ಯುತ್ತಿನ ಬಹುಪಾಲು ಕರ್ನಾಟಕಕ್ಕೇ ಮೀಸಲಾಗಿತ್ತು, ಎಷ್ಟೋ ಮನೆಗಳಲ್ಲಿ ದೀಪ ಉರಿದಿದೆ, ಪಂಪ್‌ಸೆಟ್ ಓಡಿದೆ. ಅದನ್ನು ಮರೆತರೆ ತಪ್ಪಾಗುತ್ತದೆ. ಊರಿನವರು ಕೇಳಿದ್ದೂ ಕತ್ತಲೆಯನ್ನಲ್ಲ. ನಮ್ಮ ಬಾವಿಯ ಲೆಕ್ಕವನ್ನೂ ಯೂನಿಟ್ಟಿನ ದರದಲ್ಲಿ ಸೇರಿಸಿ, ಕಟ್ಟಿದ ಮೇಲಲ್ಲ, ಕಟ್ಟುವ ಮೊದಲೇ ಸೇರಿಸಿ ಎಂದಷ್ಟೇ ಅವರು ಕೇಳಿದ್ದು. ಆ ಮಾತನ್ನು ಆಗಲೇ ಕೇಳಿಸಿಕೊಂಡಿದ್ದರೆ ಬಹುಶಃ ಜಾಗ ಬದಲಾಗುತ್ತಿತ್ತು, ತಂಪು ಮಾಡುವ ವಿಧಾನ ಬದಲಾಗುತ್ತಿತ್ತು. ಆಗ ಹೇಳಿದ್ದರೆ ಅದಕ್ಕೆ ಸಲಹೆ ಎಂಬ ಹೆಸರಿರುತ್ತಿತ್ತು. ಈಗ ಅದರ ಹೆಸರು ಪರಿಹಾರ.

ಇದರಲ್ಲಿ ಮುಂಬೈಯಲ್ಲಿರುವ ನಮ್ಮದೇನು ಪಾಲು? ಇದೆ. ಉಡುಪಿ, ಕಾಪು, ಪಡುಬಿದ್ರಿ ಕಡೆಯ ಎಷ್ಟೋ ಜಾಗದ ಪಹಣಿಯಲ್ಲಿ ಅಲ್ಲಿ ನಿಂತವರ ಜೊತೆ ಇಲ್ಲಿ ಹೋಟೆಲು, ಬ್ಯಾಂಕು, ಮಿಲ್ಲು ಎಂದು ದುಡಿದವರ ಹೆಸರೂ ಇದೆ. ಭೂಸ್ವಾಧೀನದ ನೋಟೀಸು ಬಂದಾಗ ಗದ್ದೆಯ ಅಂಚಿನಲ್ಲಿ ನಿಲ್ಲುವವನು ಊರಲ್ಲಿ ಉಳಿದ ತಮ್ಮ. ಒಂದು ರುಜು ಬೇಕೆಂದು ಫೋನ್ ಬರುವುದು ಇಲ್ಲಿರುವ ಅಣ್ಣನಿಗೆ. 1997ರಿಂದ ಇಂಥ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಾನೂನಿನಲ್ಲೇ ಇದೆ. ಆಕ್ಷೇಪವನ್ನು ಬರೆದು ಕಳಿಸಲೂ ಅವಕಾಶವಿದೆ. ಮುಂದೆ ಊರಿನಿಂದ ಅಂಥ ಫೋನ್ ಬಂದರೆ "ನೀನೇ ನೋಡ್ಕೋ" ಎಂದು ಇಡಬೇಡಿ. "ನಮ್ಮ ಬಾವಿ ಎಷ್ಟು ದೂರ, ಬೂದಿ ಎಲ್ಲಿ ಹಾಕ್ತಾರಂತೆ" ಎಂದು ಒಂದು ಮಾತು ಕೇಳಿ.

ಡೊಂಬಿವಲಿಯ ಹಿರಿಯರೇ, ನಿಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಯಿತು, ಕ್ಷಮಿಸಿ. ನಮ್ಮ ಅಜ್ಜಿಯರ ಕಾಲದಲ್ಲಿ ಚಿಮಿಣಿ ಎಂದರೆ ಸೀಮೆಎಣ್ಣೆಯ ಪುಟ್ಟ ದೀಪ. ಅದರ ಮಸಿ ಹಚ್ಚಿಕೊಂಡವರ ಮನೆಯ ಗೋಡೆಗೇ ಅಂಟುತ್ತಿತ್ತು. ಈಗಿನ ಚಿಮಣಿಯ ಬೆಳಕು ಒಬ್ಬರ ಮನೆಗೆ, ಮಸಿ ಇನ್ನೊಬ್ಬರ ಅಂಗಳಕ್ಕೆ. ಮುಂದಿನ ಸಲ ಊರಿಗೆ ಹೋಗುವಾಗ ಪಡುಬಿದ್ರಿಯ ಹತ್ತಿರ ಕಿಟಕಿಯಿಂದ ನೋಡಿ. ಊರಿಗೆ ಮುಟ್ಟಿದ ಮೇಲೆ ಎಲ್ಲೂರಿನ ಕಡೆಯವರು ಸಿಕ್ಕರೆ ಬಾವಿಯ ನೀರು ಹೇಗಿದೆ ಎಂದು ವಿಚಾರಿಸಿ. ಅವರು ಹೇಳಿದ್ದನ್ನು ನಮಗೂ ಫೋನ್ ಮಾಡಿ ತಿಳಿಸಿ. ನಿಮ್ಮ ಹಾಡಿನ ಜೊತೆ ಅದನ್ನೂ ಕೇಳಿಸುತ್ತೇನೆ.

ಮತ್ತೆ ಸಿಗೋಣ. ಕೇಳ್ತಾ ಇರಿ.