ಆಳುವ ಆಟ, ಬಿತ್ತುವ ಆಟ

ಆಡಳಿತ ನಡೆಸುವ ವಿಡಿಯೊ ಗೇಮ್‌ಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1964ಕ್ಕೆ ಹೋಗಿ ನಿಲ್ಲುತ್ತಾರೆ. ಆ ವರ್ಷ ನ್ಯೂಯಾರ್ಕ್ ರಾಜ್ಯದ ಶಾಲಾ ಶಿಕ್ಷಕಿ ಮೇಬಲ್ ಆಡಿಸ್ ಅವರು ಐಬಿಎಂ ಕಂಪನಿಯ ವಿಲಿಯಂ ಮೆಕೇ ಜೊತೆ ಸೇರಿ ಆರನೇ ತರಗತಿಯ ಮಕ್ಕಳಿಗಾಗಿ ‘ದ ಸುಮೇರಿಯನ್ ಗೇಮ್’ ಕಟ್ಟತೊಡಗಿದರು. ಅದರಲ್ಲಿ ಆಡುವ ಮಗು ನದಿ ಬಯಲಿನ ಲಗಾಶ್ ನಗರದ ದೊರೆ. ಈ ಸಲ ಸುಗ್ಗಿಯಲ್ಲಿ ಎಷ್ಟು ಧಾನ್ಯ ಬಂತು, ಊರಲ್ಲಿ ಜನ ಎಷ್ಟಿದ್ದಾರೆ ಎಂದು ಯಂತ್ರ ಕಾಗದದ ಮೇಲೆ ಅಚ್ಚು ಹಾಕಿ ತಿಳಿಸುತ್ತದೆ. ಊಟಕ್ಕೆಷ್ಟು, ಬಿತ್ತನೆಗೆಷ್ಟು, ಉಗ್ರಾಣಕ್ಕೆಷ್ಟು ಎಂದು ದೊರೆ ತೀರ್ಮಾನಿಸಬೇಕು. ಇದೇ ಕಲ್ಪನೆಯನ್ನು 1968ರಲ್ಲಿ ಡಗ್ ಡೈಮೆಂಟ್ ಚಿಕ್ಕ ಪ್ರೋಗ್ರಾಂ ಆಗಿ ಬರೆದರು. ಅದು ‘ಹಮುರಾಬಿ’ ಎಂಬ ಹೆಸರಿನಲ್ಲಿ ಡೇವಿಡ್ ಆಲ್ ಅವರ ಪುಸ್ತಕದ ಮೂಲಕ 1970ರ ದಶಕದಲ್ಲಿ ಕಂಪ್ಯೂಟರ್ ಇದ್ದ ಕಡೆಯೆಲ್ಲ ಹರಡಿತು. 1989ರ ‘ಸಿಮ್‌ಸಿಟಿ’ಯಿಂದ 2015ರ ‘ಸಿಟೀಸ್: ಸ್ಕೈಲೈನ್ಸ್’ವರೆಗಿನ ಆಟಗಳಲ್ಲಿ ಈ ದೊರೆಯೇ ಮೇಯರ್ ಆಗಿ ಮುಂದುವರಿದಿದ್ದಾನೆ. ಈ ವಂಶಾವಳಿಯಲ್ಲಿ ತಪ್ಪಿಲ್ಲ. ಆದರೆ ಇದೊಂದನ್ನೇ ಹಿಡಿದರೆ ಅನುಕರಣೆಯ (ಸಿಮ್ಯುಲೇಶನ್) ಆಟ ಎಂದರೆ ಮೇಲೆ ಕೂತವನ ಆಟ ಎಂಬ ಭಾವನೆ ಗಟ್ಟಿಯಾಗುತ್ತದೆ. ಒಂದು ಆಟ ಬದುಕನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಅಳೆಯಲು ಅದರ ಚಿತ್ರದ ಚೆಲುವನ್ನಾಗಲಿ ಲೆಕ್ಕದ ಜಟಿಲತೆಯನ್ನಾಗಲಿ ನೋಡಿದರೆ ಸಾಲದು, ಆಡುವವನನ್ನು ಅದು ಯಾವ ಜಾಗದಲ್ಲಿ ಕೂರಿಸುತ್ತದೆ ಎಂದು ಮೊದಲು ಕೇಳಬೇಕು ಎಂಬುದು ನನ್ನ ವಾದ. ಇದಕ್ಕೆ ಸಾಕ್ಷಿ ಮಲಪ್ರಭೆಯ ದಂಡೆಯಲ್ಲೇ ಸಿಗುತ್ತದೆ.

ಕನ್ನಡನಾಡಿನಲ್ಲಿ ಬೇಸಾಯವನ್ನು ಆಡಿ ನೋಡುವ ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಅಳಗುಳಿ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಸಾಲು ನನ್ನದು, ಎದುರಿನದು ನಿಮ್ಮದು. ಗುಳಿಗೆ ನಾಲ್ಕೋ ಐದೋ ಹುಣಸೆ ಬೀಜ ಹಾಕಿ ಆಟ ಶುರು. ನನ್ನ ಒಂದು ಗುಳಿಯ ಬೀಜವನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗಬೇಕು. ನನ್ನ ಸಾಲು ಮುಗಿದರೆ ನಿಮ್ಮ ಸಾಲಿಗೂ ಬಿಡಲೇಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿದ್ದುದನ್ನು ಎತ್ತಿ ಮತ್ತೆ ಬಿತ್ತಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಬೆಳೆ ನನಗೆ. ನಿಯಮಗಳು ಊರಿಂದೂರಿಗೆ ಸ್ವಲ್ಪ ಬೇರೆಯಾಗುತ್ತವೆ, ಆದರೆ ಆಟದ ತಿರುಳು ಎರಡನೇ ಸುತ್ತಿನಲ್ಲಿದೆ. ಮೊದಲ ಸುತ್ತಿನಲ್ಲಿ ಗಳಿಸಿದ ಬೀಜದಿಂದ ಇಬ್ಬರೂ ತಮ್ಮ ಗುಳಿಗಳನ್ನು ಮತ್ತೆ ತುಂಬಿಕೊಳ್ಳಬೇಕು. ಕಡಿಮೆ ಬಂದವನಿಗೆ ಎಲ್ಲ ಗುಳಿ ತುಂಬುವುದಿಲ್ಲ. ತುಂಬದ ಗುಳಿ ಆ ಸುತ್ತಿಗೆ ಆಟದಿಂದ ಹೊರಗೆ. ಏಳು ಗುಳಿಯವನ ಎದುರು ಅವನು ಐದು ಗುಳಿಯಲ್ಲಿ ಬಿತ್ತಬೇಕು, ಮುಂದಿನ ಸುತ್ತಿಗೆ ಅದು ನಾಲ್ಕಾಗಬಹುದು. ಒಂದು ವರ್ಷದ ಕೊರತೆ ಮುಂದಿನ ವರ್ಷದ ಬಿತ್ತನೆಯನ್ನು ಕಿರಿದು ಮಾಡುವುದು, ಬೀಜಕ್ಕೆಂದು ಇಟ್ಟದ್ದನ್ನೇ ತಿಂದವನ ಹೊಲ ಬೀಳು ಬೀಳುವುದು ಇಲ್ಲಿ ಪಾಠವಾಗಿ ಬರುವುದಿಲ್ಲ, ಕೈಗೆ ಬೀಜ ಸಾಲದೆ ಹೋಗುವ ಅನುಭವವಾಗಿ ಬರುತ್ತದೆ. ಹಗೇವಿನಲ್ಲಿ ಜೋಳ ಕಾಪಿಟ್ಟು ಬರಗಾಲ ದಾಟಿದ ನಾಡಿಗೆ ಈ ಲೆಕ್ಕ ಅಪರಿಚಿತವೇನಲ್ಲ.

ಇದು ಬರೀ ಎಣಿಕೆಯ ಆಟ, ಬೇಸಾಯವನ್ನು ನೀವೇ ಅದರ ಮೇಲೆ ಹೇರುತ್ತಿದ್ದೀರಿ ಎಂದು ಯಾರಾದರೂ ಹೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಗುಳಿ ಮತ್ತು ಬೀಜದ ಇಂಥ ಆಟಗಳು ಆಫ್ರಿಕಾದಿಂದ ಆಗ್ನೇಯ ಏಷ್ಯಾದವರೆಗೆ ಇವೆ. ಹಂಪಿಯ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳೂ ಕಾಣುತ್ತವೆ. ಆದರೆ ಕಲ್ಲಿನ ಕಾಲವೇ ಗುಳಿಯ ಕಾಲ ಎಂದು ಹೇಳಲು ಬರುವುದಿಲ್ಲ, ಯಾವ ಶತಮಾನದಲ್ಲಿ ಯಾರು ಬೇಕಾದರೂ ಕೊರೆದಿರಬಹುದು. ಹಾಗಾಗಿ ಆಟ ಹುಟ್ಟಿದ್ದು ಹೊಲದಲ್ಲಿ ಎಂದು ನಾನು ಸಾಧಿಸಲು ಹೋಗುವುದಿಲ್ಲ. ಆಡಿದವರು ಹೊಲದವರು ಎಂಬುದಷ್ಟೇ ನನಗೆ ಸಾಕು. ತುಳುನಾಡಿನಲ್ಲಿ ಚೆನ್ನೆಮಣೆ ಎನ್ನುವ ಇದೇ ಮಣೆ ಹೊರಗೆ ಬರುವುದು ಆಟಿ ತಿಂಗಳಲ್ಲಿ, ಮಳೆ ಹಿಡಿದು ಹೊಲದ ಕೆಲಸ ನಿಂತಾಗ. ಬೇರೆ ತಿಂಗಳಲ್ಲಿ ಆಡಬಾರದೆಂಬ ಕಟ್ಟುಪಾಡೂ ಇದೆ. ಬಿತ್ತುವ ಕೈಗಳು ಬಿಡುವಾದಾಗ ಆಡಿದ ಆಟ ಇದು. ಇಲ್ಲಿ ದೊರೆಯಿಲ್ಲ, ನಕ್ಷೆಯಿಲ್ಲ. ಎದುರು ಕೂತವರ ಗುಳಿಗೂ ನನ್ನ ಬೀಜ ಬೀಳದೆ ಆಟ ಸಾಗುವುದಿಲ್ಲ, ಅವರ ಬರಿದಾದ ಗುಳಿ ನನ್ನ ಲಾಭಕ್ಕೆ ಕಾರಣವಾದಂತೆ ನನ್ನದೂ ಅವರಿಗೆ ಆಗುತ್ತದೆ. ಇಬ್ಬರೂ ಒಂದೇ ಮಟ್ಟದಲ್ಲಿ ನೆಲದ ಮೇಲೆ ಕೂತಿರುತ್ತಾರೆ.

ಈಗ ಹಮುರಾಬಿಯ ಒಳಗನ್ನು ನೋಡೋಣ. ಒಬ್ಬ ಮನುಷ್ಯನಿಗೆ ವರ್ಷಕ್ಕೆ 20 ಬುಷೆಲ್ ಧಾನ್ಯ ಬೇಕು. ಒಬ್ಬ ಹತ್ತು ಎಕರೆ ನೋಡಿಕೊಳ್ಳಬಲ್ಲ. ಒಂದು ಬುಷೆಲ್ ಬೀಜಕ್ಕೆ ಎರಡು ಎಕರೆ. ಇಲಿಗಳು ಉಗ್ರಾಣಕ್ಕೆ ನುಗ್ಗುತ್ತವೆ, ಪಿಡುಗು ಬಂದು ಅರ್ಧ ಜನ ಸಾಯುತ್ತಾರೆ. ಇಷ್ಟು ಸರಳ ಸೂತ್ರಗಳಿಂದ ಇಂಥ ಒತ್ತಡ ಹುಟ್ಟಿಸಿದ್ದು ದೊಡ್ಡ ಸಾಧನೆಯೇ. ಈ ಆಟ ಆಡಿದ ಯಾರಿಗಾದರೂ ಉಳಿತಾಯ ಮತ್ತು ಹಸಿವಿನ ನಡುವಿನ ಎಳೆದಾಟ ಗೊತ್ತಾಗುತ್ತದೆ. ಆದರೆ ಅಲ್ಲಿ ಜನ ಎಂದರೆ ಒಂದು ಸಂಖ್ಯೆ. ಸಿಮ್‌ಸಿಟಿಯ ಜನಕ ವಿಲ್ ರೈಟ್‌ಗೆ ಪ್ರೇರಣೆಯಾದ ಕೃತಿಗಳಲ್ಲಿ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಮಿಕ್ಸ್’ ಒಂದು. ನಗರವನ್ನು ಸಮೀಕರಣಗಳಾಗಿ ಬಿಡಿಸಿಟ್ಟ ಆ ಪುಸ್ತಕ, ಬಡವರಿಗೆ ಅಗ್ಗದ ಮನೆ ಕಟ್ಟಿಸಿದರೆ ನಗರ ಇನ್ನಷ್ಟು ಕೆಡುತ್ತದೆ ಎಂಬ ತೀರ್ಮಾನಕ್ಕೆ ಬಂದು ದೊಡ್ಡ ವಿವಾದ ಎಬ್ಬಿಸಿತ್ತು. ಸಮೀಕರಣ ಬರೆದವನ ನಂಬಿಕೆಗಳು ಸಮೀಕರಣದೊಳಗೇ ಅಡಗಿರುತ್ತವೆ, ಆಡುವವನಿಗೆ ಮಾತ್ರ ಅವು ಪ್ರಕೃತಿಯ ನಿಯಮದ ಹಾಗೆ ಕಾಣುತ್ತವೆ. ಸಿಮ್‌ಸಿಟಿಯಲ್ಲಿ ತೆರಿಗೆ ಹೆಚ್ಚಿಸಿದರೆ ಜನ ಊರು ಬಿಟ್ಟು ಹೋಗುತ್ತಾರೆ. ಅಸಮಾಧಾನಕ್ಕೆ ಅಲ್ಲಿರುವ ಮುಖ್ಯ ದಾರಿ ಅದೇ.

ಊರು ಬಿಟ್ಟು ಹೋಗಲಾರದವನು ಏನು ಮಾಡುತ್ತಾನೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಉಗರಗೋಳದ ಕಡೆ ಬರಬೇಕು. ಉಗರಗೋಳ ಯಲ್ಲಮ್ಮನ ಗುಡ್ಡದ ಮಗ್ಗುಲಿನ ಊರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರ ದಾರಿಯಲ್ಲಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಊರಿರುವ ಸವದತ್ತಿ ತಾಲ್ಲೂಕಿಗೆ ಬಂದು, ಮುನವಳ್ಳಿಯ ಹತ್ತಿರ ನವಿಲುತೀರ್ಥದ ಇಕ್ಕಟ್ಟಿನಲ್ಲಿ ಗುಡ್ಡ ಸೀಳಿಕೊಂಡು ಮುಂದೆ ರಾಮದುರ್ಗದ ಕಡೆ ಹರಿಯುತ್ತದೆ. ಆ ಇಕ್ಕಟ್ಟಿಗೆ ಅಡ್ಡಲಾಗಿ ಅಣೆಕಟ್ಟು ಎದ್ದು 1970ರ ದಶಕದ ಆರಂಭದಲ್ಲಿ ನೀರು ನಿಂತಿತು. ಜಲಾಶಯಕ್ಕೆ ದೇವಿಯದೇ ಹೆಸರು, ರೇಣುಕಾಸಾಗರ, ಸಾಮರ್ಥ್ಯ 37.73 ಟಿಎಂಸಿ ಅಡಿ. ಕಾಲುವೆಗಳು ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದದ ಎರಿ ಭೂಮಿಗೆ ಚಾಚಿಕೊಂಡವು. ಹಿಂಗಾರಿಯ ಹಸಿಯನ್ನು ನಂಬಿ ಬಿಳಿಜೋಳ, ಕಡಲೆ, ಕುಸುಬಿ, ಜಯಧರ ಹತ್ತಿ ಬೆಳೆಯುತ್ತಿದ್ದ ಸೀಮೆ ಅದು. ಮೇಜಿನ ಮೇಲೆ ನಕ್ಷೆ ಹಾಸಿ ನೋಡಿದವರಿಗೆ ಒಣ ನೆಲ, ಅದಕ್ಕೆ ಗೆರೆ ಎಳೆದರೆ ನೀರು, ನೀರು ಬಂದರೆ ಹಣದ ಬೆಳೆ. ಆ ಹೊತ್ತಿಗೆ ಸರಿಯಾಗಿ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಹೊರತಂದಿದ್ದರು. ಎಳೆ ಉದ್ದ, ಇಳುವರಿ ಹೆಚ್ಚು, ಒಳ್ಳೆಯ ಬೆಲೆ. ಕಾಲುವೆ ಸೀಮೆಯ ರೈತರು ಸಾಲ ಮಾಡಿ ಗೊಬ್ಬರ, ಔಷಧ ತಂದು ಅದನ್ನೇ ಬಿತ್ತಿದರು.

ಆಮೇಲೆ ಆದದ್ದನ್ನು ಯಾವ ಆಟವೂ ನನಗೆ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ. ಎಲ್ಲರೂ ಒಂದೇ ಬೆಳೆ ಬೆಳೆದಾಗ ವರಲಕ್ಷ್ಮಿಯ ಬೆಲೆ ಕುಸಿಯಿತು. ನೀರು ಹಿಡಿದಿಡುವ ಕಪ್ಪು ನೆಲಕ್ಕೆ ಕಾಲುವೆ ನೀರು ಸೇರಿ, ಬಸಿಗಾಲುವೆ ಇಲ್ಲದ ಕಡೆ ಸವಳು-ಜವಳು ಹತ್ತಿತು. ಕಾಲುವೆಯ ಮೊದಲಲ್ಲಿದ್ದವರಿಗೆ ನೀರು ಹೆಚ್ಚಾದರೆ ಕೊನೆಯ ಹಳ್ಳಿಗಳಿಗೆ ಮುಟ್ಟಲೇ ಇಲ್ಲ. ಇಷ್ಟರ ನಡುವೆ ಸರ್ಕಾರ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವನ್ನೂ ಕೇಳಿತು. ನೀರಾವರಿಯಿಂದ ನಿಮ್ಮ ಜಮೀನಿನ ಬೆಲೆ ಏರಿದೆ, ಏರಿದ್ದರಲ್ಲಿ ಸರ್ಕಾರಕ್ಕೂ ಪಾಲಿದೆ ಎಂಬುದು ಅದರ ತರ್ಕ. ಕಾಗದದಲ್ಲಿ ಈ ತರ್ಕಕ್ಕೆ ಕೊರತೆಯಿಲ್ಲ: ಯೋಜನೆಗೆ ಹಣ ಸುರಿದದ್ದಾಗಿದೆ, ಲಾಭ ಪಡೆದವರು ಕೊಡಬೇಕು. ಆದರೆ ನಕ್ಷೆಯಲ್ಲಿ ನೀಲಿ ಗೆರೆಯ ಒಳಗಿದ್ದ ಹೊಲವೆಲ್ಲ ಲಾಭ ಪಡೆದ ಹೊಲ ಎಂದು ಲೆಕ್ಕ ಹಿಡಿದಿತ್ತು. ನೀರು ಕಾಣದ ಹೊಲ, ಜವಳು ಹತ್ತಿ ಬೆಳೆಯೇ ಬಾರದ ಹೊಲ ಕೂಡ ಅದರೊಳಗೇ ಇದ್ದವು. 1980ರ ಜುಲೈ 21ರಂದು ನರಗುಂದ, ನವಲಗುಂದ, ಸವದತ್ತಿ ಭಾಗದ ರೈತರು ಬಂದ್‌ಗೆ ಇಳಿದರು. ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು, ಘರ್ಷಣೆಯಲ್ಲಿ ಪೊಲೀಸರೂ ಸತ್ತರು. ಕರ ವಸೂಲಿಯಿಂದ ಸರ್ಕಾರ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಹಮುರಾಬಿಯಲ್ಲೂ ದೊರೆಯನ್ನು ಕಿತ್ತೊಗೆಯುವ ನಿಯಮವಿದೆ, ಅದನ್ನು ಮರೆಮಾಚಬಾರದು. ಆದರೆ ಅದಕ್ಕೆ ಒಂದೇ ವರ್ಷದಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಜನ ಹಸಿವಿನಿಂದ ಸಾಯಬೇಕು. ಅನ್ಯಾಯದ ನೋಟಿಸು ಬಂದಿದೆ ಎಂಬ ಕಾರಣಕ್ಕೆ ತಹಶೀಲ್ದಾರ್ ಕಚೇರಿಯ ಮುಂದೆ ಕೂತವರಿಗೆ ಆ ಸಮೀಕರಣದಲ್ಲಿ ಜಾಗವಿಲ್ಲ.

ಇದಕ್ಕೆ ರೈತನ ಜಾಗದಲ್ಲೇ ಕೂರಿಸುವ ಆಟಗಳನ್ನು ಉತ್ತರವಾಗಿ ತೋರಿಸಬಹುದು. 1996ರ ಜಪಾನಿನ ‘ಹಾರ್ವೆಸ್ಟ್ ಮೂನ್’, 2008ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ‘ಫಾರ್ಮಿಂಗ್ ಸಿಮ್ಯುಲೇಟರ್’, 2016ರ ‘ಸ್ಟಾರ್‌ಡ್ಯೂ ವ್ಯಾಲಿ’. ಇವನ್ನು ನಾನು ಕಡೆಗಣಿಸುವುದಿಲ್ಲ. ಫಾರ್ಮಿಂಗ್ ಸಿಮ್ಯುಲೇಟರಿನಲ್ಲಿ ಟ್ರ್ಯಾಕ್ಟರಿಗೆ ಕೂರಿಗೆ ಜೋಡಿಸಿ ಸಾಲು ತಪ್ಪದಂತೆ ಹೊಡೆಯುವುದರಲ್ಲಿ ಕೆಲಸದ ಗೌರವವಿದೆ. ಒಂದೇ ಮಾಲನ್ನು ಒಂದೇ ಕಡೆ ಸುರಿದರೆ ದರ ಇಳಿಯುತ್ತದೆ ಎಂಬುದೂ ಅದಕ್ಕೆ ಗೊತ್ತು. ಆದರೆ ಅಲ್ಲಿ ದರ ಇಳಿಸಿದವನು ನಾನೇ; ನೆರೆಯ ನೂರು ಹಳ್ಳಿಗಳು ಅದೇ ವರ್ಷ ಅದೇ ಹತ್ತಿ ಬಿತ್ತಿದ್ದರಿಂದ ನಾನು ಮುಳುಗುವ ಪ್ರಸಂಗ ಬರುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿಯಲ್ಲಂತೂ ಎಷ್ಟು ಮಾರಿದರೂ ಬೆಲೆ ಇಳಿಯದು, ನೀರು ಕೈಯಲ್ಲಿರುವ ಝಾರಿಯಿಂದ ಬರುತ್ತದೆ, ಅದಕ್ಕಾಗಿ ಯಾರೊಂದಿಗೂ ಜಗಳವಿಲ್ಲ. ಒಂಟಿ ರೈತ, ಅವನದೇ ನೆಲ, ಅವನದೇ ನೀರು. ರೈತನ ಜಾಗ ಸಿಕ್ಕಿತು, ರೈತನ ನೆರೆಹೊರೆ ಸಿಗಲಿಲ್ಲ. ಅಳಗುಳಿ ಮಣೆಯ ಎದುರು ಸಾಲು ಇಲ್ಲಿ ಕಾಣೆಯಾಗಿದೆ.

ಆಟ ಮನರಂಜನೆಗೆ, ಗೋಲಿಬಾರನ್ನು ಅದರೊಳಗೆ ತರಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೋಲು, ಕೊರತೆ, ಸಾವು ಇರುವ ಆಟವನ್ನು ಜನ ದುಡ್ಡು ಕೊಟ್ಟು ಆಡುತ್ತಾರೆ ಎಂಬುದನ್ನು 2014ರ ‘ಬ್ಯಾನಿಷ್ಡ್’, 2018ರ ‘ಫ್ರಾಸ್ಟ್‌ಪಂಕ್’ ತೋರಿಸಿಕೊಟ್ಟಿವೆ. ಮೊದಲನೆಯದರಲ್ಲಿ ಉಗ್ರಾಣದ ಲೆಕ್ಕ ತಪ್ಪಿದರೆ ಹಳ್ಳಿಯೇ ಖಾಲಿ, ಎರಡನೆಯದರಲ್ಲಿ ನೊಂದ ಜನ ನಾಯಕನನ್ನೇ ಹೊರದಬ್ಬುತ್ತಾರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ಅಣೆಕಟ್ಟೆಯ ಗೇಟನ್ನು ಯಾರಾದರೂ ಒಬ್ಬರು ಎತ್ತಲೇಬೇಕಲ್ಲ? 2019ರ ಆಗಸ್ಟಿನಲ್ಲಿ, ಎಷ್ಟೋ ವರ್ಷ ತುಂಬದೇ ಉಳಿದಿದ್ದ ಇದೇ ಜಲಾಶಯದಿಂದ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ಹೊಳೆ ನುಗ್ಗಿತು. ಆಗ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ನೋಡುತ್ತಿದ್ದವರಿಗೆ ಬೇಕಾದದ್ದು ಮೇಲಿನಿಂದ ನೋಡುವ ಕಣ್ಣೇ. ಒಪ್ಪುತ್ತೇನೆ. ಮೇಲಿನ ನೋಟವಿಲ್ಲದೆ ನದಿಯನ್ನು ನಡೆಸಲಾಗದು, ಅದನ್ನು ಕಲಿಸುವ ಆಟಗಳೂ ಬೇಕು. ನನ್ನ ತಕರಾರು ಮೇಲಿನ ಜಾಗ ಒಂದೇ ಜಾಗವಾಗುವುದರ ಬಗ್ಗೆ. ಗೇಟು ಎತ್ತುವವನಿಗೆ ಕ್ಯೂಸೆಕ್‌ನಲ್ಲಿ ಕಾಣುವುದು ರಾಮದುರ್ಗದ ದಂಡೆಯ ನೇಕಾರನಿಗೆ ಮಗ್ಗದ ಗುಂಡಿಯೊಳಗಿನ ನೀರಾಗಿ ಕಾಣುತ್ತದೆ, ಎರಡೂ ಒಂದೇ ಘಟನೆಯ ಸತ್ಯಗಳು. ಒಂದನ್ನಷ್ಟೇ ಲೆಕ್ಕಕ್ಕೆ ಹಿಡಿದ ಅನುಕರಣೆ ಅರ್ಧ ಅನುಕರಣೆ.

ಮಲಪ್ರಭೆಯ ನೀರಿನ ಲೆಕ್ಕ ಈ ಕಣಿವೆಯೊಳಗೇ ಮುಗಿಯುವುದಿಲ್ಲ. ನೆರೆಯ ಮಹದಾಯಿ ನದಿಯ ನೀರಿನ ವಿವಾದ ಬಗೆಹರಿಸುವ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕೊಟ್ಟ ತೀರ್ಪು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಅವಕಾಶ ಕೊಟ್ಟಿತು. ಮೇಲಿನ ಜಾಗ, ಕೆಳಗಿನ ಜಾಗ ಎರಡನ್ನೂ ತೋರಿಸುವ ಆಟವೊಂದನ್ನು ಇಂದು ಯಾರಾದರೂ ಕನ್ನಡದಲ್ಲಿ ಕಟ್ಟುವುದಾದರೆ ಬೇಕಾದ ಸರಕೆಲ್ಲ ಇಲ್ಲಿದೆ: ತುಂಬದ ಜಲಾಶಯ, ಒಮ್ಮೆಲೇ ಉಕ್ಕುವ ಹೊಳೆ, ಕುಡಿಯುವ ನೀರಿಗೆ ಕಾಯುವ ಪಟ್ಟಣ, ಅಡ್ಡ ನಿಲ್ಲುವ ನೆರೆರಾಜ್ಯ, ಕಣಕುಂಬಿಯ ಕಾಡು. ಮೊದಲ ಸುತ್ತು ನವಿಲುತೀರ್ಥದ ಗೇಟಿನ ಬಳಿ ಆಡಬಹುದು. ಎರಡನೇ ಸುತ್ತಿಗೆ ಅದೇ ಆಟಗಾರನನ್ನು ಕಾಲುವೆಯ ಕೊನೆಯ ಹಳ್ಳಿಗೆ ಕಳಿಸಿ, ಮೊದಲ ಸುತ್ತಿನಲ್ಲಿ ಅವನೇ ಹೊರಡಿಸಿದ ಆದೇಶಗಳ ಅಡಿಯಲ್ಲಿ, ಅಲ್ಲಿ ಉಳಿದಷ್ಟೇ ಬೀಜದಿಂದ ಬಿತ್ತಲು ಹೇಳಬೇಕು.